ಕುಸುಬಿಯ ಮುಯ್ಯಿ

ಆ ವರ್ಷಗಳಲ್ಲಿ ನಮ್ಮ ಕುಂದಗೋಳ ಕಡೆಯ ಹಳ್ಳಿಗಳಲ್ಲಿ ಹತ್ತನೇ ಇಯತ್ತೆ ಅಂದರೆ ಒಂದು ಜಡ್ಡು ಇದ್ದ ಹಾಗೆ. ಹಿಡಿಯುವುದು ಒಬ್ಬರಿಗೆ, ಪಥ್ಯ ಮಾಡುವುದು ಇಡೀ ಮನೆ. ನಿಮ್ಮ ಮನೆಯಲ್ಲೂ ಯಾರಿಗಾದರೂ ಹಿಡಿದಿದ್ದರೆ ನಾನು ಹೇಳುವುದು ನಿಮಗೆ ತಿಳಿಯುತ್ತದೆ. ನಮ್ಮ ಮನೆಯಲ್ಲಿ ಅದು ನನಗೆ ಹಿಡಿದಿತ್ತು. ಸಂಕ್ರಮಣ ಮುಗಿದದ್ದೇ ತಡ, ಟಿವಿಯ ಮೇಲೆ ಅವ್ವನ ಹಳೆಯ ಇಳಕಲ್ ಸೀರೆಯ ತುಂಡು ಬಿತ್ತು. ಧಾರಾವಾಹಿ ನೋಡದೆ ತುತ್ತು ಇಳಿಯದ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ತಾಟು ಹಿಡಿದುಕೊಂಡು ಬಾಜೂ ಮನೆಗೆ ಹೋಗತೊಡಗಿದಳು. ನನ್ನ ಹೊಟ್ಟೆ ಕೆಟ್ಟೀತೆಂದು ಮನೆಯಲ್ಲಿ ಮಿರ್ಚಿ ಭಜಿ ಕರಿಯುವುದು ನಿಂತಿತು. ಅಪ್ಪ ಬಂದವರೊಡನೆ ಕಟ್ಟೆಯ ಮೇಲೆ ಕೂತು ಪಿಸುಮಾತಿನಲ್ಲೇ ಮಾತಾಡುತ್ತಿದ್ದ. ಪಿಸುಮಾತಿನಲ್ಲಿ ಜಗಳ ಆಡಿದ್ದನ್ನೂ ನಾನು ಕೇಳಿದ್ದೇನೆ. “ಹುಡುಗಿ ಟೆಂತ್ ಅದಾಳ್ರಿ” ಅಂದರೆ ಸಾಕು, ಬಂದ ಬೀಗರು ಚಹಾ ಕುಡಿದು ಎದ್ದುಬಿಡುತ್ತಿದ್ದರು.

ಇಷ್ಟೆಲ್ಲ ಯಾರ ಸಲುವಾಗಿ ನಡೆದಿತ್ತೋ ಆ ನನಗೆ ಮಾತ್ರ ಓದುವ ಮನಸ್ಸೇ ಇರಲಿಲ್ಲ. ಜೂನ್ ತಿಂಗಳಲ್ಲಿ ಹೊಸ ಪುಸ್ತಕಗಳಿಗೆ ರಟ್ಟು ಹಾಕಿ, ಹಾಳೆ ಹಾಳೆ ಮೂಸಿ ನೋಡಿದ್ದ ಹುಡುಗಿಗೆ ಫೆಬ್ರವರಿ ಬರುವ ಹೊತ್ತಿಗೆ ಅದೇ ಪುಸ್ತಕ ತೆರೆದರೆ ಆಕಳಿಕೆ. ಪಾಠಗಳೆಲ್ಲ ಮುಗಿದು ಸಾಲೆಯಲ್ಲಿ ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವುದೊಂದೇ ಉಳಿದಿತ್ತು. ಓದಿದ್ದನ್ನೇ ಓದುವುದು, ಬರೆದದ್ದನ್ನೇ ಬರೆಯುವುದು. ನಮ್ಮಲ್ಲಿ ಛಲ ತುಂಬಲಿಕ್ಕೆಂದು ಹುಬ್ಬಳ್ಳಿಯಿಂದ ಒಬ್ಬ ಭಾಷಣಕಾರರನ್ನು ಕರೆಸಿದ್ದರು. ಅಂಥ ಬಿಸಿಲಿನಲ್ಲೂ ಟೈ ಕಟ್ಟಿಕೊಂಡು ಬಂದಿದ್ದ ಅವರು, ನಿಮ್ಮ ಗುರಿಯನ್ನು ಗೋಡೆಗೆ ಬರೆದು ದಿನಾ ಎದ್ದ ಕೂಡಲೇ ನೋಡಿರಿ ಎಂದು ಹೇಳಿ ಹೋದರು. ನಾನು ಅಡುಗೆಮನೆಯ ಹೊರಗೋಡೆಯ ಮೇಲೆ ಸೀಮೆಸುಣ್ಣದಿಂದ ದಪ್ಪಗೆ ಫಸ್ಟ್ ಕ್ಲಾಸ್ ಅಂತ ಬರೆದೆ. ಒಂದೆರಡು ದಿನ ನೋಡಿದೆ. ಆಮೇಲೆ ಆಯಿ ಅದರ ಮೇಲೆ ಮೊರ ತೂಗು ಹಾಕಿದಳು, ನಾನು ತೆಗೆಯಲೂ ಹೋಗಲಿಲ್ಲ. ಓಣಿಯಲ್ಲಿ ನೋಡಿದರೆ ಹೋಳಿ ಹುಣ್ಣಿಮೆ ಇನ್ನೂ ಎಲ್ಲೋ ಇರುವಾಗಲೇ ಹುಡುಗರು ಹಲಗಿ ಕಾಸಿ ಬಾರಿಸಲು ಶುರು ಮಾಡಿದ್ದರು. ಆ ಸಪ್ಪಳಕ್ಕೆ ನನ್ನ ಕಾಲು ತಾನಾಗಿಯೇ ಕುಣಿಯುತ್ತಿತ್ತು, ತಲೆಗೆ ಮಾತ್ರ ಏನೂ ಇಳಿಯುತ್ತಿರಲಿಲ್ಲ.

ನನ್ನ ಗೆಳತಿ ರೇಣುಕಾ ನನ್ನಂಥವಳಲ್ಲ. ನಮ್ಮ ಹಿಂದಿನ ಓಣಿಯವಳು, ಒಂದನೇ ಇಯತ್ತೆಯಿಂದ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತವಳು. ನಾನು ಅವಳನ್ನು ರೇಣಿ ಅನ್ನುತ್ತಿದ್ದೆ, ಅವಳು ನನ್ನನ್ನು ನೀಲಿ ಅನ್ನುತ್ತಿದ್ದಳು. ಇಬ್ಬರ ಅಪ್ಪಂದಿರೂ ಒಂದೇ ಕಟ್ಟೆಯ ಮೇಲೆ ಕೂತು ಒಂದೇ ಮಾತು ಆಡಿದ್ದರು: ಫಸ್ಟ್ ಕ್ಲಾಸ್ ಬಂದರೆ ಹುಬ್ಬಳ್ಳಿಯ ಕಾಲೇಜು, ಇಲ್ಲದಿದ್ದರೆ ಮನೆ. ನಮ್ಮ ಅಪ್ಪನ ಮಾತು ಅತ್ತರೆ ಕರಗುವಂಥದ್ದು. ರೇಣಿಯ ಅಪ್ಪನದು ಹಾಗಲ್ಲ, ಅವನು ಒಮ್ಮೆ ಅಂದನೆಂದರೆ ಅಂದ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬಸ್ಸಿನಲ್ಲಿ ಕಿಟಕಿಯ ಹತ್ತಿರ ಹೋಗುವಾಗ ಯಾರು, ಬರುವಾಗ ಯಾರು ಅನ್ನುವುದನ್ನೂ ನಾವು ಆಗಲೇ ಮಾತಾಡಿ ಇಟ್ಟುಕೊಂಡಿದ್ದೆವು.

ನಮ್ಮ ಗಣಿತದ ಸರ್ ಬೆಳಗಿನ ಐದಕ್ಕೆ ಎಲ್ಲರನ್ನೂ ಎಬ್ಬಿಸಲು ಒಂದು ಉಪಾಯ ಮಾಡಿದ್ದರು. ಅವರು ಒಬ್ಬನಿಗೆ ಫೋನ್ ಮಾಡುವುದು, ಅವನು ಮುಂದಿನವನಿಗೆ ಮಿಸ್ ಕಾಲ್ ಕೊಡುವುದು, ಅವನು ಅದರ ಮುಂದಿನವಳಿಗೆ. ಹೀಗೆ ಊರಿಂದ ಊರಿಗೆ ಮಿಸ್ ಕಾಲ್ ಓಡುತ್ತಿತ್ತು. ಅಪ್ಪನ ಗುಂಡಿ ಫೋನು ನನ್ನ ತಲೆದಿಂಬಿನ ಕೆಳಗೆ ಇರುತ್ತಿತ್ತು. ನನ್ನ ಮುಂದಿನವಳು ರೇಣಿ. ನಾನು ಅವಳ ಅಣ್ಣನ ಫೋನಿಗೆ ಮಿಸ್ ಕಾಲ್ ಕೊಟ್ಟರೆ, ಎದ್ದಿದ್ದೇನೆ ಅನ್ನುವುದಕ್ಕೆ ಅವಳು ತಿರುಗಿ ಒಂದು ಕೊಡಬೇಕು. ಶಿವರಾತ್ರಿ ಆದ ಮೇಲಂತೂ ಅವಳದು ಕೊಟ್ಟ ಕ್ಷಣಕ್ಕೇ ತಿರುಗಿ ಬರುತ್ತಿತ್ತು. ಎಷ್ಟು ಹೊತ್ತಿಗೆ ಎದ್ದು ಓದುತ್ತಾಳಪ್ಪಾ ಈಕೆ ಅಂದುಕೊಂಡು, ನಾನು ಕೌದಿ ಎಳೆದುಕೊಂಡು ಮತ್ತೆ ಮಲಗುತ್ತಿದ್ದೆ.

ಇನ್ನು ಮುಯ್ಯಿಯ ವಿಷಯ ಹೇಳಬೇಕು. ನಮ್ಮಲ್ಲಿ ಹೊಲದ ಕೆಲಸಕ್ಕೆ ಆಳು ಸಿಗದಾಗ ಒಬ್ಬರ ಹೊಲಕ್ಕೆ ಇನ್ನೊಬ್ಬರು ಹೋಗಿ ದುಡಿಯುವುದು, ಆಮೇಲೆ ಅವರು ಇವರ ಹೊಲಕ್ಕೆ ಬಂದು ದುಡಿಯುವುದು. ಎಷ್ಟು ಕೈ ಹೋಗಿದ್ದವೋ ಅಷ್ಟೇ ಕೈ ತಿರುಗಿ ಬರಬೇಕು. ಆ ವರ್ಷ ದಸರಾ ರಜೆಯಲ್ಲಿ ನಾನೂ ಅವ್ವನೂ ರೇಣಿಯ ಹೊಲದಲ್ಲಿ ಶೇಂಗಾ ಕೀಳಲು ಹೋಗಿದ್ದೆವು. ಕೆಲಸ ಅನ್ನುವುದಕ್ಕಿಂತ ಅದು ಹಬ್ಬವೇ. ಹಸಿ ಮಣ್ಣಿನ ವಾಸನೆ, ಬದುವಿನ ಮೇಲೆ ಮೂರು ಕಲ್ಲು ಹೂಡಿ ಕುದಿಸಿದ ಶೇಂಗಾ, ಕಿತ್ತದ್ದಕ್ಕಿಂತ ತಿಂದದ್ದೇ ಹೆಚ್ಚು. ಅದರ ಮುಯ್ಯಿ ತಿರುಗಿ ಬರುವುದು ನಮ್ಮ ಕುಸುಬಿಗೆ ಎಂದು ಆಗ ಯಾರು ಯೋಚಿಸಿದ್ದರು?

ಕುಸುಬಿ ಗಿಡಕ್ಕೆ ಮೈತುಂಬ ಮುಳ್ಳು. ಬಿಸಿಲು ಏರಿತು ಅಂದರೆ ಅದಕ್ಕೆ ಕೈ ಹಚ್ಚಲಾಗದು. ಇಬ್ಬನಿಗೆ ಮುಳ್ಳು ಮೆತ್ತಗಾಗಿರುವ ನಸುಕಿನಲ್ಲಿ ಎಷ್ಟು ಕಿತ್ತರೆ ಅಷ್ಟು, ಆಮೇಲೆ ನಾಳೆ. ಹೀಗಾಗಿ ನಮ್ಮ ಕರಿಮಣ್ಣಿನ ಎರಿ ಹೊಲದ ಕುಸುಬಿ ಶಿವರಾತ್ರಿ ಮುಗಿದ ಮೇಲೆ ಹಿಡಿದದ್ದು ಹೋಳಿ ಹತ್ತಿರ ಬಂದರೂ ಮುಗಿಯಲಿಲ್ಲ.

ಕೀಳಲು ಶುರುವಾಗಿ ಕೆಲವು ದಿನ ಆಗಿರಬೇಕು. ಒಂದು ನಸುಕಿನಲ್ಲಿ, ಮಿಸ್ ಕಾಲ್ ಕೊಟ್ಟು ಮಲಗಿದವಳಿಗೆ ನಿದ್ದೆ ಬರದೆ ಹೊರಗೆ ಬಂದೆ. ಬಾಗಿಲ ಮುಂದೆ ಚಕ್ಕಡಿ ಹೂಡಿ ನಿಂತಿತ್ತು. ಅದರಲ್ಲಿ ತಲೆಗೆ ಬಟ್ಟೆ ಕಟ್ಟಿ, ಕಾಲಿಗೆ ಗೋಣಿ ತಟ್ಟು ಸುತ್ತಿಕೊಂಡ ನಾಲ್ಕೈದು ಹೆಂಗಸರು ಕೂತಿದ್ದರು. ಕೊನೆಗೆ ಕೂತವಳು ರೇಣಿ. ಅವಳ ಕೈಯಲ್ಲಿ ಅಣ್ಣನ ಫೋನು ಇತ್ತು. ನನ್ನನ್ನು ನೋಡಿ ಅವಳು ನಕ್ಕಳು. ನಾನು ಒಳಗೆ ಓಡಿ ಅವ್ವನ ಸೆರಗು ಹಿಡಿದೆ.

“ಬೇ, ರೇಣಿ ಯಾಕ ಬಂದಾಳ?”

“ಮುಯ್ಯಿಗೆ ಬಂದಾಳ. ಆಕಿ ವೈನಿ ಬಾಣಂತನಕ್ಕ ತವರಿಗೆ ಹೋಗ್ಯಾಳಲ್ಲ, ಮನಿಯಾಗ ಮತ್ಯಾರ ಅದಾರ?”

“ಆಕಿಗೂ ಪರೀಕ್ಷಾ ಐತಿ!”

ಅವ್ವ ಬುತ್ತಿಯ ಗಂಟು ಕಟ್ಟುತ್ತಿದ್ದವಳು ಕೈ ನಿಲ್ಲಿಸಿದಳು. “ನಾ ಬ್ಯಾಡ ಅಂದೆ. ಆಕಿ ಅವ್ವ ಫಕ್ಕೀರವ್ವ ಕೇಳವಲ್ಲಳು. ಶೇಂಗಾಕ್ಕ ನೀವಿಬ್ಬರು ಬಂದಿದ್ರಿ, ನಾವೂ ಇಬ್ಬರು ಬರತೀವಿ, ಮಂದಿ ಮುಯ್ಯಿ ಇಟಗೊಂಡು ಉಣ್ಣೂ ಮಂದಿ ಅಲ್ಲ ನಾವು ಅಂದ್ಲು. ಇನ್ನೂ ಎಷ್ಟ ಹೇಳ್ಲಿ ಆಕಿಗೆ?”

“ಹಂಗಾರ ನಾನೂ ಬರತೀನಿ.”

“ನೀ ಸುಮ್ಮನ ಓದ. ನೀ ಹೊಲಕ್ಕ ಬಂದಿ ಅಂದ್ರ ನಿಮ್ಮಪ್ಪ ನನ್ನ ಜೀವಾ ತಿಂತಾನ.”

ಚಕ್ಕಡಿ ಹೋಯಿತು. ನಾನು ಪುಸ್ತಕ ಹಿಡಿದು ಕೂತೆ. ಒಂದು ಅಕ್ಷರ ಕಣ್ಣಿಗೆ ಕಾಣಲಿಲ್ಲ. ಶೇಂಗಾ ಕಿತ್ತ ಕೈ ನನ್ನದು, ಅದಕ್ಕೆ ಬದಲಾಗಿ ಕುಸುಬಿಯ ಮುಳ್ಳಿಗೆ ಹೋದ ಕೈ ಅವಳದು. ಅವಳು ನಮ್ಮ ಹೊಲದಲ್ಲಿ ಬಾಗಿ ನಿಂತಾಗ ನಾನು ಅವಳು ಓದುತ್ತಿದ್ದಾಳೆ ಅಂದುಕೊಂಡು ಕೌದಿಯಲ್ಲಿ ಮಲಗಿದ್ದೆ.

ಮರುದಿನ ಚಕ್ಕಡಿ ಹೋದ ಮೇಲೆ ನಾನು ಹಿಂದಿನಿಂದ ನಡೆದುಕೊಂಡೇ ಹೊಲಕ್ಕೆ ಹೋದೆ. ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ಒಣಗಿದ ಕುಸುಬಿಯ ಒಂದು ಥರದ ಒಗರು ವಾಸನೆ ಇಬ್ಬನಿಯ ಜೊತೆ ಮೂಗಿಗೆ ಬರುತ್ತಿತ್ತು. ರೇಣಿಯ ಸಾಲಿಗೆ ಹೋಗಿ ನಿಂತು, ಸೆಟೆದು ನಿಂತಿದ್ದ ಒಂದು ಗಿಡಕ್ಕೆ ಕೈ ಹಾಕಿದೆ. ಬುಡ ಹಿಡಿಯುವುದು ಬಿಟ್ಟು ನಡುವೆ ಹಿಡಿದೆ. ನಾನು ಚೀರಿದ್ದಕ್ಕೆ ಆಚೆ ಸಾಲಿನ ಹೆಂಗಸರು ನಕ್ಕರು.

“ಯಾಕ ಬಂದಿ ಲೇ ನೀಲಿ?” ರೇಣಿ ಕೇಳಿದಳು.

“ನಮ್ಮ ಹೊಲ ಐತಿ, ಬಂದೇನಿ.”

“ಹೊಲಾ ನಿಮ್ಮದಿರಲಿ, ಮುಯ್ಯಿ ನನ್ನದೈತಿ. ನೀ ಇಲ್ಲೇ ನಿಂತ್ರ ಇಬ್ಬರೂ ಕೆಡತೀವಿ. ಮನಿಗೆ ಹೋಗು, ಓದು. ಸಾಲಿಗೆ ಹೋಗೂ ಮುಂದ ಓದಿದ್ದೆಲ್ಲ ನನಗ ಹೇಳಕೋಂತ ನಡಿ. ನನ್ನ ಕೈಗೆ ಕೆಲಸ ಐತಿ, ಕಿವಿ ಖಾಲಿ ಅದಾವಲ್ಲ?”

“ಅಷ್ಟರಾಗ ನಿನಗ ತಿಳಿತೈತೇನ?”

“ನೀ ಮೊದಲ ಓದು. ತಿಳೀದಿದ್ರ ಬೈತೀನಿ, ಆಗ ಗೊತ್ತಾಗತೈತಿ.”

ಹೊರಳಿ ನಡೆಯುವಾಗ ನನಗೆ ಹಗುರವಾಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಹಾಗೇ. ಬೆರಳು ಚುರುಚುರು ಅನ್ನುತ್ತಿತ್ತು, ಇಬ್ಬನಿಗೆ ಲಂಗ ತೊಯ್ದು ಕಾಲಿಗೆ ಅಂಟಿತ್ತು, ಮನೆಯಲ್ಲಿ ಆಯಿ ಚಹಾ ಇಟ್ಟಿರುತ್ತಾಳೆ ಅನ್ನುವುದು ನೆನಪಾಯಿತು. ಅವಳು ಕಳಿಸಿದಳು ಅಂತಲೇ ಬಂದೆ ಎಂದು ಎಷ್ಟು ಸಲ ಹೇಳಿಕೊಂಡರೂ, ಆ ಹಗುರಾದದ್ದನ್ನು ನಾನು ಮರೆತಿಲ್ಲ.

ಅಂದಿನಿಂದ ಮಾತ್ರ ನಾನು ಮಿಸ್ ಕಾಲ್ ಆದ ಮೇಲೆ ಮಲಗಲಿಲ್ಲ. ಛಲ ಅಲ್ಲ, ಗುರಿ ಅಲ್ಲ, ನನ್ನನ್ನು ಕೂರಿಸಿದ್ದು ನಾಚಿಕೆ. ಕಣ್ಣು ಎಳೆದರೆ ಹೊಲದಲ್ಲಿ ಬಾಗಿ ನಿಂತ ರೇಣಿ ಕಾಣುತ್ತಿದ್ದಳು. ಹೈಸ್ಕೂಲು ಪಕ್ಕದೂರಿನಲ್ಲಿ, ಡಾಂಬರು ರಸ್ತೆ ಹಿಡಿದು ನಡೆದರೆ ಒಂದು ಪಾಠ ಹೇಳಿ ಮುಗಿಸುವಷ್ಟು ದೂರ. ಹೊಲದಿಂದ ಬಂದವಳು ಮೈ ತೊಳೆದು, ಯುನಿಫಾರ್ಮ್ ಹಾಕಿಕೊಂಡು, ಜಡೆ ಹೆಣೆಯುತ್ತಲೇ ಬರುತ್ತಿದ್ದಳು. “ಹೂಂ, ಸುರು ಮಾಡ” ಅನ್ನುತ್ತಿದ್ದಳು. ನಾನು ಸುರು ಮಾಡುತ್ತಿದ್ದೆ.

ಬಾಯಿಪಾಠ ಮಾಡಿದ್ದನ್ನು ಗಡಗಡ ಒಪ್ಪಿಸಿದರೆ ಅವಳು ಕೇಳುತ್ತಿರಲಿಲ್ಲ. “ಯಾಕ ಹಂಗ?” ಎಂದು ನಡುವೆ ನಿಲ್ಲಿಸುತ್ತಿದ್ದಳು. ನನಗೆ ಗೊತ್ತಿಲ್ಲದಿದ್ದರೆ ಬೈಸಿಕೊಳ್ಳುತ್ತಿದ್ದೆ. ಮರುದಿನ ಅದರ ಉತ್ತರ ಹುಡುಕಿಕೊಂಡು ಹೋಗುತ್ತಿದ್ದೆ. ಪ್ರಮೇಯದ ಚಿತ್ರವನ್ನು ರಸ್ತೆಬದಿಯ ಮಣ್ಣಿನಲ್ಲಿ ಕಡ್ಡಿಯಿಂದ ಬರೆದು ತೋರಿಸುವಾಗ ಹಿಂದಿನಿಂದ ಬಂದ ಟ್ರಾಕ್ಟರಿನವ ಹಾರ್ನ್ ಹೊಡೆದು ಹೊಡೆದು ಸಾಕಾಗಿ, “ಏ, ಸಾಲಿ ಇಲ್ಲೇ ಇಳಿಸೀರೇನ?” ಎಂದು ಒದರಿದ್ದ. ಒಮ್ಮೆ ಕೇಳಿದ್ದನ್ನು ಅವಳು ಮರೆಯುತ್ತಿರಲಿಲ್ಲ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಗಣಿತಕ್ಕೆ ಅವಳಿಗೆ ನನಗಿಂತ ಹೆಚ್ಚು ಬಂದವು. ಸರ್ ಎಲ್ಲರೆದುರು, “ಬೆಳಿಗ್ಗೆ ಐದಕ್ಕ ಎದ್ದರ ಏನ ಆಗತೈತಿ ನೋಡ್ರಿ, ರೇಣುಕಾನ್ನ ನೋಡಿ ಕಲೀರಿ” ಎಂದರು. ರೇಣಿ ಡೆಸ್ಕಿನ ಕೆಳಗೆ ನನ್ನ ತೊಡೆ ಚಿವುಟಿದಳು. ಅವಳಿಗೆ ನಗು. ನಾನು ತಲೆ ಎತ್ತಲಿಲ್ಲ.

ಮಧ್ಯಾಹ್ನ ಇಬ್ಬರೂ ಬುತ್ತಿ ಬಿಚ್ಚುತ್ತಿದ್ದೆವು. ಅವಳ ರೊಟ್ಟಿಯ ಜೊತೆ ಗುರೆಳ್ಳು ಚಟ್ನಿ, ನನ್ನದರ ಜೊತೆ ಕುಸುಬಿ ಎಣ್ಣೆಯ ಒಗ್ಗರಣೆ ಬಿದ್ದ ಪುಂಡಿ ಪಲ್ಯ. ಅವಳ ಕೈ ಮೇಲೆಲ್ಲ ಬೆಕ್ಕು ಪರಚಿದಂಥ ಗೆರೆಗಳು. ಖಾರ ತಾಗಿದರೆ ಉರಿಯುತ್ತದೆಂದು ಅವಳು ಬೆರಳ ತುದಿಯಲ್ಲಿ ಎತ್ತಿ ತಿನ್ನುತ್ತಿದ್ದಳು. ಪಲ್ಯ ಅವಳ ತಾಟಿಗೆ ಹಾಕಿದರೆ, “ಇದೇನ, ಕೂಲೀನ?” ಎಂದು ನಗುತ್ತಿದ್ದಳು. ನನಗೆ ಅಳು ಬರುತ್ತಿತ್ತು.

ಹೋಳಿ ಹುಣ್ಣಿಮೆಗೆ ಇನ್ನೇನು ಎರಡು ದಿನ ಅನ್ನುವಾಗ ರೇಣಿಯ ಕೈಯಲ್ಲಿ ಮುಳ್ಳು ಮುರಿಯಿತು. ಬಲಗೈಯ ತೋರುಬೆರಳಿನ ಗೆಣ್ಣಿನಲ್ಲಿ, ಒಳಗೇ. ಫಕ್ಕೀರವ್ವ ಅತ್ತಿ ಸೂಜಿಯಿಂದ ಕೆದರಿ ತೆಗೆದಳು, ಪೂರ್ತಿ ಬರಲಿಲ್ಲ. ಉಳ್ಳಾಗಡ್ಡಿ ಸುಟ್ಟು ಅರಿಷಿಣ ಹಚ್ಚಿ ಕಟ್ಟಿದಳು. ಬೆರಳು ಬಾತು ಬದನೆಕಾಯಿ ಆಯಿತು. ಕೀವು ಒಡೆದು ನೋವು ಕಡಿಮೆಯಾದರೂ ಬೆರಳು ಮಡಚಲು ಬಾರದು. ಪೆನ್ನು ಹಿಡಿದರೆ ಜಾರುತ್ತಿತ್ತು. ರೇಣಿ ಸಾಲೆಯಲ್ಲಿ ಆ ಕೈಯನ್ನು ವೇಲಿನೊಳಗೆ ಇಟ್ಟುಕೊಂಡು ಕೂರುತ್ತಿದ್ದಳು.

“ಸರ್‌ಗೆ ಹೇಳೂಣು. ಬರಿಯಾಕ ಯಾರನ್ನರ ಕೊಡಸ್ತಾರ” ಎಂದೆ.

“ಬ್ಯಾಡ. ಮುಳ್ಳ ಎಲ್ಲಿ ಚುಚ್ಚಿತು ಅಂತ ಕೇಳತಾರ. ಆಮ್ಯಾಲೆ ನಿಮ್ಮ ಮನಿಗೆ ಬಂದು ಒದರ್ಯಾಡತಾರ. ನಿಮ್ಮವ್ವ ನನ್ನ ಸಲುವಾಗಿ ಮಾತು ಕೇಳೂದು ಬ್ಯಾಡ.”

“ಮತ್ತ ಪರೀಕ್ಷಾ?”

“ಅಷ್ಟೊತ್ತಿಗೆ ಇಳಿತೈತಿ, ಬಿಡ ಲೇ.”

ನಾನು ಬಿಟ್ಟೆ. ಹೇಳಬಹುದಿತ್ತು. ಸ್ಟಾಫ್ ರೂಮಿನ ಬಾಗಿಲ ತನಕ ಒಮ್ಮೆ ಹೋಗಿಯೂ ಇದ್ದೆ. ಒಳಗೆ ಸರ್ ಯಾರಿಗೋ ಬೈಯುತ್ತಿದ್ದರು. ಅವ್ವನ ಮುಖ ನೆನಪಾಗಿ ತಿರುಗಿ ಬಂದೆ.

ಪರೀಕ್ಷೆಯ ಕೇಂದ್ರ ಇದ್ದದ್ದು ಸಂಶಿ ಊರಿನಲ್ಲಿ. ಕನ್ನಡ, ಸಮಾಜ ಹೇಗೋ ನಡೆದವು. ಗಣಿತದ ದಿನ ರೇಣಿ ನನ್ನ ಬಾಜೂ ಸಾಲಿನಲ್ಲಿ ಎರಡು ಬೆಂಚು ಮುಂದೆ ಕೂತಿದ್ದಳು. ನಾಲ್ಕು ಸಾಲು ಬರೆಯುವಳು, ಪೆನ್ನು ಇಟ್ಟು ಕೈ ಝಾಡಿಸುವಳು, ಮತ್ತೆ ಹಿಡಿಯುವಳು. ಆಮೇಲೆ ತೋರುಬೆರಳು ಬಿಟ್ಟು ನಡುಬೆರಳಿಗೂ ಹೆಬ್ಬೆರಳಿಗೂ ನಡುವೆ ಪೆನ್ನು ಸಿಗಿಸಿಕೊಂಡಳು. ಎಲ್ಲ ಅವಳಿಗೆ ಬರುವ ಲೆಕ್ಕಗಳೇ. ರಸ್ತೆಯಲ್ಲಿ ನಾನು ಹೇಳಿದ್ದು, ಅವಳು ನನಗೆ ತಿದ್ದಿದ್ದು. ನಾನು ಎಲ್ಲ ಬರೆದು ಮುಗಿಸಿ, ಮಾಡುವುದಕ್ಕೆ ಏನೂ ಇಲ್ಲದೆ, ಅವಳ ಬೆನ್ನು ನೋಡುತ್ತ ಕೂತಿದ್ದೆ. ಗಂಟೆ ಹೊಡೆಯಿತು. ಮೇಲ್ವಿಚಾರಕರು ಬಂದು ನಿಂತರೂ ಅವಳು ಬರೆಯುತ್ತಲೇ ಇದ್ದಳು. ಅವರು ಮೆಲ್ಲಗೆ ಅವಳ ಕೈಯ ಕೆಳಗಿನಿಂದ ಪೇಪರು ಎಳೆದುಕೊಂಡರು.

ಹೊರಗೆ ಬೇವಿನ ಗಿಡದ ಕೆಳಗೆ ಕೂತು ಅವಳು ಬಿಟ್ಟ ಲೆಕ್ಕಗಳನ್ನು ಬಾಯಲ್ಲೇ ಒಂದೊಂದಾಗಿ ಬಿಡಿಸಿದಳು. ಒಂದೂ ತಪ್ಪಿರಲಿಲ್ಲ. ಕೊನೆಯದು ಮುಗಿಸಿ, “ಉತ್ತರ ಎಲ್ಲಾ ಬಂದಿತ್ತು ಲೇ ನೀಲಿ. ಕೈ ಬರಲಿಲ್ಲ” ಎಂದಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅಂದೇ.

ನನಗೆ ಫಸ್ಟ್ ಕ್ಲಾಸ್ ಬಂತು. ಅವಳಿಗೆ ಸ್ವಲ್ಪದರಲ್ಲಿ ತಪ್ಪಿತು. ಅವ್ವ ಗೋದಿ, ಬೆಲ್ಲದ ಮಾದಲಿ ಮಾಡಿದ್ದಳು. ಅದನ್ನು ಡಬ್ಬಿಯಲ್ಲಿ ಹಾಕಿಕೊಂಡು, ನನ್ನನ್ನೂ ಕರೆದುಕೊಂಡು ರೇಣಿಯ ಮನೆಗೆ ಹೋದಳು. ಆ ಬೆರಳಿನ ಸುದ್ದಿ ನಾನು ಅವ್ವನಿಗೆ ಅಷ್ಟೊತ್ತಿಗೆ ಹೇಳಿದ್ದೆ. ಅವ್ವ ರೇಣಿಯ ಅಪ್ಪನ ಮುಂದೆ ನಿಂತು, “ಅಣ್ಣಾ, ಹುಡುಗಿ ಶಾಣ್ಯಾ ಅದಾಳ. ಕೈ ನೋವಿಗೆ ಹಿಂಗಾತು, ನಮ್ಮ ಹೊಲದಾಗ. ಕಾಲೇಜಿಗೆ ಹಚ್ಚಿರಿ” ಎಂದಳು. ಅವನು ಎದ್ದು ನಿಂತು ಅವ್ವನಿಗೆ ಚಾಪೆ ಹಾಸಿದ. ಬಹಳ ಮರ್ಯಾದೆಯಿಂದಲೇ ಹೇಳಿದ.

“ನಿಮ್ಮ ಹುಡುಗಿ ಪಾಸಾದ್ಲು, ಸಂತೋಷ ಆತ್ರಿ ತಂಗೆವ್ವ. ನಿಮ್ಮ ಹೊಲದಾಗ ಆಗದಿದ್ರ ನಮ್ಮ ಹೊಲದಾಗ ಆಗತಿತ್ತು. ನಾ ಆಡಿದ ಮಾತು ಆಡಿದೆ.”

ಫಕ್ಕೀರವ್ವ ಅತ್ತಿ ಡಬ್ಬಿ ಖಾಲಿ ಮಾಡಿ, ಖಾಲಿ ಡಬ್ಬಿ ಕೊಡಬಾರದೆಂದು ಅದರಲ್ಲಿ ಹಿಡಿ ಶೇಂಗಾ ಹಾಕಿ ತಿರುಗಿ ಕೊಟ್ಟಳು. ಮರುವರ್ಷ ಬಿತ್ತುವ ಹೊತ್ತಿಗೆ ಅವ್ವ ಹಟ ಹಿಡಿದು ಕುಸುಬಿ ಬೇಡವೇ ಬೇಡ ಅಂದಳು. ಅಪ್ಪ ಬೈದು ಬೈದು ಕೊನೆಗೆ ಕಡಲೆ ಬಿತ್ತಿದ.

ಈಗ ನಮ್ಮ ಕಡೆ ಕುಸುಬಿ ಬಿತ್ತುವವರೇ ಅಪರೂಪ. ಕಡಲೆ ಕಟಾವಿಗೆ ಹೊರಗಿನಿಂದ ಮಷೀನು ಬರುತ್ತದೆ, ಬೆಳಿಗ್ಗೆ ಬಂದು ಮಧ್ಯಾಹ್ನಕ್ಕೆ 'ಮುಗೀತ್ರಿ' ಅನ್ನುತ್ತದೆ. ಯಾರೂ ಯಾರ ಹೊಲಕ್ಕೂ ಹೋಗುವುದಿಲ್ಲ, ಹೀಗಾಗಿ ಯಾರೂ ಯಾರಿಗೂ ತಿರುಗಿ ಬರಬೇಕಾಗಿಲ್ಲ. ಒಳ್ಳೆಯದೇ ಆಯಿತು ಅನ್ನಬೇಕು. ಯಾವ ಹುಡುಗಿಯ ಬೆರಳಿಗೂ ಈಗ ಆ ಮುಳ್ಳು ಮುರಿಯುವುದಿಲ್ಲ. ಆದರೆ ರೇಣಿಯ ಹೊಲದ ಸಾಲಿನಲ್ಲಿ ಒಂದು ನಸುಕಾದರೂ ಬಾಗಿ ನಿಲ್ಲುತ್ತೇನೆ ಎಂದು ನಾನು ಹಂಬಲಿಸಿದರೆ ಅಂಥ ಸಾಲೇ ಇಲ್ಲ. ಒಂದು ವರ್ಷ ರಜೆ ಹಾಕಿ ಹೋಗಿಯೂ ಇದ್ದೆ. “ಮಷೀನ ನಿನ್ನೀನ ಬಂದು ಹೋತು. ಬಾ, ಚಾ ಕುಡಿ” ಎಂದಳು.

ರೇಣಿಯನ್ನು ನವಲಗುಂದ ಕಡೆ ಕೊಟ್ಟಿದ್ದಾರೆ. ಚೆನ್ನಾಗಿಯೇ ಇದ್ದಾಳೆ. ನಾಲ್ಕು ಜನ ಹೆಂಗಸರನ್ನು ಕಟ್ಟಿಕೊಂಡು ಗರಿಗರಿ ಒಣಗಿಸಿದ ಖಟಿ ರೊಟ್ಟಿ ಮಾಡಿ ವಾರಕ್ಕೊಮ್ಮೆ ಹುಬ್ಬಳ್ಳಿಗೆ ಒಯ್ದು ಮಾರುತ್ತಾಳೆ. ನಾನು ಕಾಲೇಜು ಮುಗಿಸಿ ಅದೇ ದಾರಿಯ ಬಸ್ಸಿಗೆ ಕಂಡಕ್ಟರ್ ಆಗಿದ್ದೇನೆ. ಅವಳು ರೊಟ್ಟಿಯ ಗಂಟು ಹಿಡಿದುಕೊಂಡು ಹತ್ತಿದಾಗೆಲ್ಲ ಅವಳ ಟಿಕೆಟ್ ನಾನು ನನ್ನ ಕಿಸೆಯಿಂದ ತೆಗೆಯುತ್ತಿದ್ದೆ. ಅವಳು ಬೈಯುತ್ತಿದ್ದಳು, ದುಡ್ಡನ್ನು ನನ್ನ ಚೀಲದಲ್ಲಿ ತುರುಕುತ್ತಿದ್ದಳು, ನಾನು ತೆಗೆದು ಅವಳ ಗಂಟಿನ ಮೇಲೆ ಇಡುತ್ತಿದ್ದೆ. ಬಸ್ಸಿನ ಮಂದಿ ಅಕ್ಕ ತಂಗಿಯರ ಜಗಳ ಅಂದುಕೊಳ್ಳುತ್ತಿದ್ದರು. ಒಮ್ಮೆ ಅವಳು ಸಿಟ್ಟಿಗೆದ್ದು ಹೇಳಿಯೇ ಬಿಟ್ಟಳು: “ನೀ ಶೇಂಗಾ ಕಿತ್ತಿ, ನಾ ಕುಸುಬಿ ಕಿತ್ತೆ. ಮುಯ್ಯಿ ಅವತ್ತ ತೀರೇತಿ. ಇನ್ನೂ ಏನ ಹಿಡಕೊಂಡ ಕುಂತಿ?”

ಅವಳ ಮಾತಿನಲ್ಲಿ ತಪ್ಪಿಲ್ಲ. ಎರಡು ಕೈಗೆ ಎರಡು ಕೈ, ಸರಿಹೋಗಿದೆ. ಶೇಂಗಾ ದಸರಾ ರಜೆಯಲ್ಲಿ ಬಂತು, ಕುಸುಬಿ ಪರೀಕ್ಷೆಯ ಹೊತ್ತಿಗೆ ಬಂತು, ಅಷ್ಟೇ.

ಹೆಣ್ಣುಮಕ್ಕಳಿಗೆ ಬಸ್ಸು ಬಿಟ್ಟಿ ಆದ ಮೊದಲ ವಾರ ಅವಳು ಹತ್ತಿದಳು. ಆಧಾರ್ ಕಾರ್ಡು ತೋರಿಸಿದಳು. ನಾನು ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಟ್ಟೆ. ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿ ನಕ್ಕಳು.

“ಇನ್ನ ನೀ ನನಗ ಏನೂ ಕೊಡೂ ಹಂಗಿಲ್ಲ ನೋಡ. ಚಲೋ ಆತು.”

ಅವಳಿಗೆ ಚಲೋ ಆಯಿತು. ನನಗೆ ಆಗಲಿಲ್ಲ. ಆ ಟಿಕೆಟ್ಟಿನ ದುಡ್ಡು ಕೊಡುತ್ತಿದ್ದಾಗ ವಾರಕ್ಕೊಮ್ಮೆಯಾದರೂ ನಾನು ಅವಳ ಮುಖ ನೋಡಿ ಮಾತಾಡುತ್ತಿದ್ದೆ.